ಗಡಿಯ ಮೊರದಿಂದ ತಂದ ಹಸಿರು ಬಳೆ

ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ ನೀಲಕ್ಕನಿಗೆ,

ನಿನ್ನ ಸೀಮಂತದ ಕುಬಸಕ್ಕೆ ನಾನು ತಂದುಕೊಟ್ಟ ಹಸಿರು ಬಳೆಗಳು ಬಳೆಗಾರನವಲ್ಲ. ಊರ ಗಡಿಯಲ್ಲಿ ಬೇನೆಯ ದೇವತೆ ಅಮ್ಮನಿಗೆಂದು ಇಟ್ಟಿದ್ದ ಮೊರದಿಂದ ಅವನ್ನು ತೆಗೆದುಕೊಂಡು ಬಂದಿದ್ದೆ. ಒಂಬತ್ತು ವರ್ಷವಾಯಿತು. ಅವ್ವನಿಗೆ ಹೇಳಲಿಲ್ಲ, ಬಾವನಿಗೆ ಹೇಳಲಿಲ್ಲ. ಗುಡಿಯಲ್ಲಿ ಕೈಮುಗಿದು ನಿಂತಾಗಲೂ ಬೇರೆ ಏನೇನೋ ಬೇಡಿಕೊಂಡೆನೇ ಹೊರತು ಈ ಮಾತು ಎತ್ತಲಿಲ್ಲ. ಮೊದಲು ನಿನಗೇ ಹೇಳುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ, ಅದೂ ಗೊತ್ತು. ಆದರೂ ಬರೆಯಬೇಕು. ಬಾಯಿಬಿಟ್ಟು ಹೇಳಲು ಹೋದರೆ ನಡುವೆ ಎಲ್ಲೋ ನನ್ನ ಕಡೆ ವಾಲಿಬಿಡುತ್ತೇನೆ. ಬರೆದರೆ ವಾಲಿದ್ದು ಕಣ್ಣಿಗೆ ಕಾಣುತ್ತದೆ, ಹೊಡೆದು ಹಾಕಬಹುದು.

ನೀನು ಏಳು ತಿಂಗಳ ಬಸುರಿ, ಕುರುಗೋಡಿನಿಂದ ಸಿರುಗುಪ್ಪಕ್ಕೆ ತವರಿಗೆ ಬಂದ ದಿನ ನೆನಪಿದೆಯೆ? ಬಾವ ನಿನ್ನನ್ನು ಇಳಿಸಿ, ಒಂದು ಚರಿಗೆ ನೀರು ಕುಡಿದು, ಎತ್ತು ಬಿಚ್ಚದೆಯೇ ಹಿಂದಕ್ಕೆ ಹೊರಟರು. ಎರಡು ದಿನಕ್ಕೆ ಸುದ್ದಿ ಬಂತು, ತೆಕ್ಕಲಕೋಟೆಯಲ್ಲಿ ವಾಂತಿಭೇದಿ. ದಾರಿಗಳು ಖಾಲಿಯಾದವು. ಸಂತೆ ನಿಂತಿತು. ವರ್ಷವಿಡೀ ಬೀದಿಬೀದಿ ಕೂಗಿಕೊಂಡು ತಿರುಗುತ್ತಿದ್ದ ಬಳೆಗಾರನೂ ಬರಲಿಲ್ಲ. ಅವ್ವ ಕುಬಸದ ದಿನ ಗೊತ್ತು ಮಾಡಿಬಿಟ್ಟಿದ್ದಳು. ನಿನ್ನ ಎಡಗೈಯಲ್ಲಿ ಮೂರು ಬಳೆ, ಬಲಗೈಯಲ್ಲಿ ಎರಡು, ಅವೂ ಬಣ್ಣ ಹೋದವು. "ಹಸಿರು ಬಳಿ ಇಲ್ಲದ ಕುಬಸ ಯಾವ ಕುಬಸನವ್ವಾ" ಅಂತ ಪಕ್ಕದ ಮನೆಯ ಮುದುಕಿ ಅಂದಾಗ ನೀನು ನಕ್ಕೆ. ಆಮೇಲೆ ದನದ ಕೊಟ್ಟಿಗೆಯ ಹಿಂದೆ ಹೋಗಿ, ಬೀಸುಕಲ್ಲಿನ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು ಅತ್ತೆ. ನಾನು ಹುಲ್ಲಿನ ಬಣವೆಯ ಮೇಲಿದ್ದೆ. ನೀನು ನನ್ನನ್ನು ನೋಡಲಿಲ್ಲ.

ಮಾರನೆಯ ದಿನ ಮಟಮಟ ಮಧ್ಯಾಹ್ನ ನಾನು ತೆಕ್ಕಲಕೋಟೆ ದಾರಿಯ ಗಡಿಕಲ್ಲಿನ ತನಕ ಓಡಿದ್ದೆ. ಅಲ್ಲಿ ಬೇವಿನ ಮರದ ಬುಡದಲ್ಲಿ ಮೊರ ಇತ್ತು. ತೆಕ್ಕಲಕೋಟೆಯವರು ಅಮ್ಮನಿಗೆ ಪೂಜೆ ಮಾಡಿ, ಅರಿಸಿನ ಕುಂಕುಮ, ಬೇವಿನ ಸೊಪ್ಪು, ರವಿಕೆಯ ಕಣ, ಬಾಚಣಿಗೆ, ಸಣ್ಣ ಕನ್ನಡಿ, ಬಳೆ ಎಲ್ಲ ಮೊರದಲ್ಲಿಟ್ಟು, ತಮ್ಮ ಸೀಮೆ ದಾಟಿಸಿ ನಮ್ಮ ಗಡಿಗೆ ತಂದಿಟ್ಟಿದ್ದರು. ನಮ್ಮವರು ಮಂಗಳವಾರ ಪೂಜೆ ಮಾಡಿ ಅದನ್ನು ಮುಂದಿನ ಊರಿನ ಗಡಿಗೆ ಸಾಗಿಸಬೇಕು. ಹಾಗೆ ಊರಿಂದೂರಿಗೆ ಅಮ್ಮ ಹೋಗುತ್ತಾಳೆ, ಅವಳ ಜೊತೆ ಬೇನೆಯೂ ಹೋಗುತ್ತದೆ. ನಡುವೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವನ ಮನೆಯಲ್ಲಿ ಅವಳು ಇಳಿದುಬಿಡುತ್ತಾಳೆ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ ಅಕ್ಕ. ಹನ್ನೊಂದು ವರ್ಷದವನಿಗೆ ಅಷ್ಟೂ ಗೊತ್ತಿರುವುದಿಲ್ಲವೆ? ಗೊತ್ತಿತ್ತು. ಆದರೆ ಬಳೆಗಳು ಹಸಿರಾಗಿದ್ದವು. ಹೊಸವು. ನೂಲಿನಲ್ಲಿ ಕಟ್ಟಿದ್ದವು, ಎರಡು ಕೈಗೆ ಆಗುವಷ್ಟು. ಅಮ್ಮನಿಗೆ ಊರೂರಿನಲ್ಲಿ ಬಳೆ ಕೊಡುವವರಿದ್ದಾರೆ, ನಮ್ಮ ಅಕ್ಕನಿಗೆ ಯಾರಿದ್ದಾರೆ ಅಂತ ಅನ್ನಿಸಿತು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕೈ ಹಾಕಿದೆ.

ಮನೆಗೆ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು. ಬಳೆ ನೋಡಿ ಎದ್ದು ನಿಂತಳು.

"ಎಲ್ಲಿ ಸಿಕ್ಕಾನಲೇ ಬಳೆಗಾರ?"

"ಕಾಲುವಿ ದಂಡಿಮ್ಯಾಲೆ ಹೊಂಟಿದ್ದ. ಊರಾಗ ಬರಾಕ ಅಂಜಿಕಿ ಅಂದ."

"ಏನ್ ಕೊಟ್ಟು ತಗೊಂಡಿ?"

"ನನ್ನ ಬುಗುರಿ ಕೊಟ್ಟೆ."

ನೀನು ಒಳಗಿಂದ ನಗುತ್ತಾ ಬಂದೆ. "ಬುಗುರಿ ತಗೊಂಡು ಬಳಿ ಕೊಡೋ ಬಳೆಗಾರ ಯಾವ ಸೀಮ್ಯಾಗ ಅದಾನಲೇ ಪಂಪಾ? ನನಗೂ ತೋರ್ಸು, ನಿನ್ನ ಕೊಟ್ಟು ಒಂದು ಸೀರಿ ತರ್ತೀನಿ." ಅವ್ವನೂ ನಕ್ಕಳು. ನಾನು ಹೊರಗೆ ಹೋಗಿ, ನಿಜವಾಗಿಯೂ ನನ್ನ ಬುಗುರಿಯನ್ನು ಕಾಲುವೆಗೆ ಎಸೆದು ಬಂದೆ. ಸುಳ್ಳು ಪೂರ್ತಿಯಾಗಬೇಕಲ್ಲ. ತಿರುಗಿ ಬಂದಾಗ ನೀನು ಬಳೆಗಳನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದೆ. ಒಂದು ಬಳೆಯ ಒಳಮೈಗೆ ಅರಿಸಿನ ಅಂಟಿತ್ತು. ಅದನ್ನು ಸೆರಗಿನಿಂದ ಒರೆಸಿದೆ. ಮತ್ತೆ ಒರೆಸಿದೆ. ಆಮೇಲೆ ನನ್ನನ್ನು ನೋಡಿ "ಪಂಪಾ" ಅಂದೆ. ಅಷ್ಟೆ. ಅವ್ವನ ಮುಂದೆ ಕೂತು ಕೈ ನೀಡಿದೆ. ಅವ್ವ ಔಡಲ ಎಣ್ಣೆ ಹಚ್ಚಿ ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ. ಬಳೆಗಾರ ಮಾರುವ ಬಳೆಗೆ ಎಂದಾದರೂ ಅರಿಸಿನ ಅಂಟಿರುತ್ತದೆಯೆ? ನೀನು ಏನು ಕೇಳಬೇಕೆಂದಿದ್ದೆ? ನಿನಗೆ ಗೊತ್ತಾಗಿತ್ತೆ? ಗೊತ್ತಾಗಿಯೂ ನನಗಾಗಿ ಕೈ ನೀಡಿದೆಯೋ, ಅಥವಾ ಬಳೆಯ ಆಸೆಗೆ...

ಕುಬಸವಾದ ಮೂರನೆಯ ದಿನ ಬೆಳಿಗ್ಗೆ ನೀನು ಹೊಟ್ಟೆ ಹಿಡಿದುಕೊಂಡೆ. ಮಧ್ಯಾಹ್ನಕ್ಕೆ ನಿನ್ನ ಕಣ್ಣು ಒಳಗೆ ಹೋಗಿದ್ದವು, ಕೈಬೆರಳ ತೊಗಲು ಸುಕ್ಕಾಗಿತ್ತು. ಬಳೆ ಮಾತ್ರ ಹೊಸವಾಗಿದ್ದವು. ನೀರು ನೀರು ಅನ್ನುತ್ತಿದ್ದೆ. ನನ್ನನ್ನು ಹತ್ತಿರ ಬಿಡಲಿಲ್ಲ. ಬಾಗಿಲ ಸಂದಿಯಿಂದ ನಿನ್ನ ಕೈ ಕಾಣುತ್ತಿತ್ತು. ಬಳೆ ಮೊಣಕೈ ತನಕ ಜಾರಿ ಜಾರಿ ಹೋಗುತ್ತಿದ್ದವು, ಮೂರು ದಿನದ ಹಿಂದೆ ಎಣ್ಣೆ ಹಚ್ಚಿ ಏರಿಸಿದ ಬಳೆಗಳು. ಹೊತ್ತು ಇಳಿಯುವ ಮೊದಲೇ ಮುಗಿಯಿತು. ಮುತ್ತೈದೆ ಅಂತ ಬಳೆ ತೆಗೆಯಲಿಲ್ಲ. ಹಾಗೇ ಹೂಳಿದರು.

ನಿನ್ನನ್ನು ಮಣ್ಣು ಮಾಡಿ ಬರುವಾಗ ಹಿರಿಯರು ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿಕೊಂಡು ಬಂದರು. ಬಸುರಿ ಸತ್ತರೆ ತಿರುಗಿ ಮನೆಗೆ ಬರುತ್ತಾಳಂತೆ. ಸಾಸಿವೆ ಚೆಲ್ಲಿದರೆ ಒಂದೊಂದೇ ಕಾಳು ಆರಿಸುತ್ತಾ ಕೂರುತ್ತಾಳಂತೆ, ಎಲ್ಲ ಆರಿಸಿ ಮುಗಿಯುವಷ್ಟರಲ್ಲಿ ಬೆಳಕು ಹರಿಯುತ್ತದಂತೆ. ಅಕ್ಕ, ಈಗ ಹೇಳುವುದು ಬಳೆಯ ಮಾತಿಗಿಂತ ಕೆಟ್ಟದ್ದು. ಮರುದಿನ ಅವ್ವ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ಮಲಗಿದ್ದಾಗ ನಾನು ಅಡುಗೆಮನೆಗೆ ಹೋಗಿ ಸಾಸಿವೆಯ ಗಡಿಗೆ ತೆಗೆದುಕೊಂಡೆ. ಇದ್ದ ಸಾಸಿವೆಯನ್ನೆಲ್ಲ ನಮ್ಮ ಹೊಸ್ತಿಲಿಂದ ಕಾಲುವೆಯ ಮೆಟ್ಟಿಲ ತನಕ ಚೆಲ್ಲಿಬಂದೆ. ಹಿರಿಯರು ಚೆಲ್ಲಿದ್ದು ಸಾಲದು ಅನ್ನಿಸಿತು. ನೀನು ದೆವ್ವವಾಗಿ ಬಂದು ನನ್ನನ್ನು ಹಿಡಿಯುತ್ತೀಯ ಅಂತ ಅಂಜಿಕೆ ಇರಲಿಲ್ಲ. ನೀನು ನನ್ನನ್ನು ಏನು ಮಾಡುತ್ತಿದ್ದೆ? ಎತ್ತಿಕೊಳ್ಳುತ್ತಿದ್ದೆ. ನೀನು ಬಂದು, ಅವ್ವನ ಮುಂದೆ ನಿಂತು, "ಪಂಪಾ, ಈ ಬಳಿ ಎಲ್ಲಿಂದ ತಂದಿದ್ದೀ" ಅಂತ ಕೇಳಿಬಿಡುತ್ತೀಯ ಅನ್ನುವುದೊಂದೇ ಅಂಜಿಕೆ. ನಿನ್ನನ್ನು ಹೊರಗೆ ಇಟ್ಟವನು ನಾನು. ಊರವರಿಗಿಂತ ಹೆಚ್ಚಾಗಿ.

ಆಮೇಲೆ ಬಳ್ಳಾರಿಯ ಸೋದರಮಾವ ನನ್ನನ್ನು ಕರೆದುಕೊಂಡು ಹೋಗಿ ಸಾಲಿಗೆ ಹಾಕಿದ. ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತಿತ್ತು, ಬೋಳು ಬಂಡೆ, ಬಿಸಿಲಿಗೆ ಕಾದು ಬೆಳ್ಳಗಾಗಿರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮಾಸ್ತರರು ಹೊಡೆದರು, ಅದಕ್ಕೇ ಬಿಟ್ಟೆ ಅಂತ ಮಾವನಿಗೆ ಹೇಳಬಹುದಿತ್ತು. ಅವರು ಹೊಡೆಯುವವರೇ ಅಲ್ಲ. ಕೂತಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಒಂದು ದಿನ ಲೆಕ್ಕದ ಹೊತ್ತಿನಲ್ಲಿ ಎದ್ದು ಹೊರಗೆ ನಡೆದೆ, ಮತ್ತೆ ಹೋಗಲಿಲ್ಲ. ಎರಡು ವರ್ಷ ಅಲ್ಲಿ ಇಲ್ಲಿ ತಿರುಗಿದೆ. ಕೌಲ್‌ಬಜಾರಿನಲ್ಲಿ ಗಿರಣಿಯ ಮೂಟೆ ಹೊತ್ತೆ. ಕೊನೆಗೆ ಒಂದು ಅಚ್ಚುಕೂಟದಲ್ಲಿ ನಿಂತೆ. ಅಲ್ಲಿ ಸೀಸದ ಮೊಳೆಗಳನ್ನು, ಅಂದರೆ ಅಚ್ಚಿನ ಅಕ್ಷರಗಳನ್ನು, ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಬೆರಳಿಗೆ ಕೆಲಸ ಇದ್ದರೆ ನಾನು ನಿಲ್ಲುತ್ತೇನೆ ಅಂತ ಅಲ್ಲಿ ಗೊತ್ತಾಯಿತು. ಮೊದಲ ದಿನ ಆ ಸಣ್ಣ ಸಣ್ಣ ಮೊಳೆಗಳನ್ನು ಆರಿಸುವಾಗ ನನಗೆ ಏನು ನೆನಪಾಯಿತು ಅಂತ ನಿನಗೆ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಎಲೆಯಡಿಕೆ ಹಾಕಿಕೊಳ್ಳುತ್ತಾ ಅಂದರು, "ಪಂಚಾಂಗ ಬಿಟ್ಟರೆ ಜನ ಕೈಯಾರೆ ಎತ್ತಿಕೊಳ್ಳೋದು ದೆವ್ವದ ಕತೆ ಒಂದೇ. ಬರೆಯೋರು ಯಾರೂ ಇಲ್ಲವಲ್ಲಪ್ಪಾ." ಅವರು ತೆಲುಗು ಮನೆಮಾತಿನ ವೈಷ್ಣವರು, ಮಡಿವಂತರು, ದೆವ್ವವನ್ನು ನಂಬುವುದಿಲ್ಲ, ಮಾರುತ್ತಾರೆ. ನಾನು ಬರೀತೀನಿ ಅಂದೆ. ಕೋಟೆಯ ಗುಡ್ಡದ ಮೇಲೆ ಒಂದು ದೆವ್ವ ಇಟ್ಟೆ. ಪಾದ ಹಿಂದುಮುಂದು, ಕೂದಲು ನೆಲದ ತನಕ, ಬಾಯಲ್ಲಿ ಬೆಂಕಿ. ಅಚ್ಚು ಒತ್ತುವ ಯಂತ್ರದ ಖಾಜಾಸಾಬರಿಗೆ ಓದಿ ಹೇಳಿದೆ. ಕೇಳಿ ಮುಗಿಸಿ ಅವರು ಗಡ್ಡ ಕೆರೆದುಕೊಂಡು ಅಂದರು, "ಪಾದ ಹಿಂದುಮುಂದ ಅಂದ್ರ ಪಾಪ, ಅದಕ್ಕ ಕೆರ ಹೊಲಿಯೋನು ಯಾರು ಬೇಟಾ?" ಅಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಆ ದೆವ್ವಕ್ಕೆ ನಾನೇ ಅಂಜಿರಲಿಲ್ಲ, ಬೇರೆಯವರು ಯಾಕೆ ಅಂಜಬೇಕು?

ಆಗ ನೀನು ಬಟ್ಟೆ ಒಗೆಯುತ್ತಾ ನನ್ನನ್ನು ಕಾಲುವೆಗೆ ಇಳಿಯದಂತೆ ಕಾಯುತ್ತಿದ್ದದ್ದು ನೆನಪಾಯಿತು. "ಕಾಲುವಿಯೊಳಗ ಒಂದು ಐತಿ ಪಂಪಾ" ಅನ್ನುತ್ತಿದ್ದೆ. "ಹೆಂಗೈತಕ್ಕಾ? ಕೋಡು ಅದಾವೇನು?" ಅಂತ ನಾನು ಕೇಳಿದರೆ ಬಟ್ಟೆ ಕುಕ್ಕುವುದನ್ನು ನಿಲ್ಲಿಸುತ್ತಿರಲಿಲ್ಲ. "ಹೆಂಗೈತಿ ಅಂತ ಯಾರಿಗೆ ಗೊತ್ತು? ಎಲ್ಲಿ ಐತಿ ಅಂತ ಗೊತ್ತು. ನಿನ್ನೆ ಐದನೇ ಮೆಟ್ಲಮ್ಯಾಲೆ ಇತ್ತು. ಇವತ್ತು ಮೂರನೇ ಮೆಟ್ಲಮ್ಯಾಲೆ ಐತಿ." ಅಷ್ಟು ಹೇಳಿ ಮತ್ತೆ ಬಟ್ಟೆ ಕುಕ್ಕುತ್ತಿದ್ದೆ. ಇವತ್ತಿಗೂ ನಾನು ಯಾವ ಊರಿನ ಯಾವ ಕೆರೆಗೆ ಹೋದರೂ ಮೂರನೆಯ ಮೆಟ್ಟಿಲನ್ನು ದಾಟಿ ಕಾಲಿಡುತ್ತೇನೆ. ಕತೆ ಬರೆಯುವ ವಿದ್ಯೆ ನನಗೆ ಹೇಳಿಕೊಟ್ಟವರು ಯಾರು ಅಂತ ಯಜಮಾನರು ಒಮ್ಮೆ ಕೇಳಿದರು. ನಿನ್ನ ಹೆಸರು ಹೇಳಬೇಕಿತ್ತು. ಯಾರೂ ಇಲ್ಲ ಅಂದೆ.

ನಿನ್ನ ಆ ಮೆಟ್ಟಿಲಿನ ಲೆಕ್ಕ ಹಿಡಿದು ಎರಡನೆಯ ಕತೆ ಬರೆದೆ. ಅದರಲ್ಲಿ ದೆವ್ವವೇ ಇಲ್ಲ. ಒಂದು ಮೊರ ಇದೆ. ಒಬ್ಬ ತಮ್ಮ ಗಡಿಯ ಮೊರದಿಂದ ಅಕ್ಕನಿಗೆ ಬಳೆ ತರುತ್ತಾನೆ. ಮಾರನೆಯ ದಿನ ಹೊರಗೆ ಹೋಗಿ ನೋಡಿದರೆ ಮೊರ ಗಡಿಯಲ್ಲಿಲ್ಲ, ಕಾಲುವೆಯ ದಂಡೆಯಲ್ಲಿದೆ. ಮರುದಿನ ಬೀದಿಯ ತುದಿಯಲ್ಲಿದೆ. ಯಾರಾದರೂ ಹೊತ್ತು ತಂದದ್ದನ್ನು ಕಂಡವರಿಲ್ಲ. ಬಿಸಿಲಿನಲ್ಲಿ ಸುಮ್ಮನೆ ಕೂತಿದೆ. ಮರುದಿನ ಕಟ್ಟೆಯ ಮೇಲೆ. ಮರುದಿನ ಹೊಸ್ತಿಲ ಹೊರಗೆ. ಆಮೇಲೆ ಹೊಸ್ತಿಲ ಒಳಗೆ. ಇದನ್ನು ಓದಿದಾಗ ಖಾಜಾಸಾಬರು ನಗಲಿಲ್ಲ. ತಲೆ ತಿರುಗಿಸಿ ಬಾಗಿಲ ಕಡೆ ನೋಡಿದರು. ಹಾಡುಹಗಲು, ಹೊರಗೆ ಗಾಡಿಗಳ ಗದ್ದಲ, ಆದರೂ ನೋಡಿದರು. "ಇದು ಕಟ್ಟಿದ್ದಲ್ಲ" ಅಂದರು. "ಇದು ಎಲ್ಲಿಂದ ತಂದಿ?" ಅವರ ಬಾಯಿಂದ ನಿನ್ನ ಪ್ರಶ್ನೆ ಬಂದಂತಾಯಿತು. ಕಟ್ಟಿದ್ದೇ, ಅಂದೆ.

ಈಗ ಅಸಲು ತಪ್ಪಿಗೆ ಬರುತ್ತೇನೆ. ಯಜಮಾನರು ಹಸ್ತಪ್ರತಿ ಓದಿ, "ಕತೆ ಗಟ್ಟಿ ಐತಪ್ಪಾ, ಆದರೆ ಸಣ್ಣ ಹುಡುಗ ತಂದ ಅಂದರೆ ಜನಕ್ಕೆ ಕನಿಕರ ಬರ್ತದೆ. ಆ ಹೆಣ್ಣೇ ಆಸೆಬಿದ್ದು ತಾನಾಗಿ ಹೋಗಿ ತೆಗೆದುಕೊಂಡಳು ಅಂದರೆ ಅಂಜಿಕೆ ಬರ್ತದೆ. ನೋಡು" ಅಂದರು. ನೋಡು ಅಂದರು, ಅಷ್ಟೆ. ಒತ್ತಾಯ ಮಾಡಲಿಲ್ಲ. ಮರುದಿನ ನಾನು ಮೊಳೆ ಜೋಡಿಸುತ್ತಾ ಆ ಜಾಗಕ್ಕೆ ಬಂದೆ. ತಮ್ಮ ಮೊರಕ್ಕೆ ಕೈ ಹಾಕುವ ಎರಡು ಪುಟ. ಕಾಗದದಲ್ಲಿ ನಿಜವೇ ಇತ್ತು. ಬೆರಳು ನಿಂತವು. ಆ ಎರಡು ಪುಟ ಮಡಿಚಿ ಜೇಬಿಗೆ ಹಾಕಿಕೊಂಡು, ಕಾಗದವಿಲ್ಲದೆಯೇ, ನೇರವಾಗಿ ಮೊಳೆಯಲ್ಲಿ ಹೊಸ ಎರಡು ಪುಟ ಕಟ್ಟಿದೆ. ಅದರಲ್ಲಿ ಅಕ್ಕ ಒಬ್ಬಳೇ ಗಡಿಗೆ ಹೋಗುತ್ತಾಳೆ. ಆಸೆಯಿಂದ ತುಟಿ ಕಚ್ಚಿಕೊಳ್ಳುತ್ತಾಳೆ. ತಮ್ಮ ಬೇಡ ಬೇಡ ಅಂತ ಹಿಂದೆ ಓಡಿಬರುತ್ತಾನೆ, ಅವಳು ಕೇಳುವುದಿಲ್ಲ. ಕಟ್ಟುವಾಗ ನನಗೆ ಏನನ್ನಿಸಿತು ಗೊತ್ತೆ? ಹಗುರ ಅನ್ನಿಸಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮೂಟೆ ಇಳಿಸಿದಂತೆ. ಇಳಿಸಿದ್ದು ಯಾರ ತಲೆಯ ಮೇಲೆ ಅಂತ ನೋಡಲಿಲ್ಲ. ಯಜಮಾನರ ಮಾತು ನನಗೊಂದು ನೆಪವಾಗಿತ್ತು ಅಷ್ಟೆ.

ನಿನ್ನ ಹೆಸರು ಬದಲಿಸಿದ್ದೆ. ನನ್ನ ಹೆಸರು ಪುಸ್ತಕದ ಮೇಲೆ ಬೇಡ ಅಂದಿದ್ದೆ. ಆದರೆ ಉಳಿದದ್ದೆಲ್ಲ ಹಾಗೇ ಇಟ್ಟಿದ್ದೆ. ಏಳು ತಿಂಗಳು, ಕುರುಗೋಡಿನ ಗಂಡನ ಮನೆ, ತೆಕ್ಕಲಕೋಟೆ ದಾರಿಯ ಬೇವಿನ ಮರ, ಕುಬಸವಾದ ಮೂರನೆಯ ದಿನ. ಅವನ್ನು ತೆಗೆದರೆ ಕತೆಯ ಅಂಜಿಕೆ ಹೋಗುತ್ತಿತ್ತು. ನಿಜದ ಗೋಡೆಗಳ ನಡುವೆ ಒಂದು ಸುಳ್ಳು ಇಟ್ಟರೆ ಅದೂ ಗೋಡೆಯಂತೆಯೇ ನಿಲ್ಲುತ್ತದೆ. ಪುಸ್ತಕ ಸಂತೆಸಂತೆಗೆ ಹೋಯಿತು. ಬಳ್ಳಾರಿಯ ಬೀದಿಯಲ್ಲಿ ಹೆಂಗಸರು ಮೊರ ತೊಳೆದು ಬೋರಲು ಹಾಕುವಾಗ "ಒಳಗ ಇಡ್ರೇ, ಆ ಕತಿ ಕೇಳಿಲ್ಲೇನು" ಅನ್ನುವುದನ್ನು ನಾನೇ ಕೇಳಿದೆ. ಹಿಗ್ಗಿದೆ. ಹೌದು ಅಕ್ಕ, ಹಿಗ್ಗಿದೆ.

ಮೊನ್ನೆ ನಮ್ಮ ಬೀದಿಯ ದುರುಗಪ್ಪ ಹತ್ತಿಯ ಗಾಡಿ ಹೊಡೆದುಕೊಂಡು ಬಳ್ಳಾರಿಗೆ ಬಂದ. ಎತ್ತಿಗೆ ನೀರು ಕುಡಿಸಿ ಅಚ್ಚುಕೂಟದ ಬಾಗಿಲಲ್ಲಿ ನಿಂತು ಕರೆದ. ಬರೆದವನು ನಾನು ಅಂತ ಅವನಿಗೆ ಗೊತ್ತಿಲ್ಲ.

"ಪಂಪಾಪತೀ, ನಿಮ್ಮಕ್ಕನ ಕತಿ ಪುಸ್ತಕದಾಗ ಬಂದೈತಂತಲ್ಲೋ! ಸಾಲಿ ಮಾಸ್ತರ ಗುಡಿ ಕಟ್ಟಿಮ್ಯಾಲೆ ಕುಂತು ಓದಿದ. ಕೇಳಿದವರೆಲ್ಲಾ ಇದು ನೀಲವ್ವಂದೇ ಅಂದ್ರು."

"ಅವ್ವ ಕೇಳಿದಳಾ?"

"ಕಟ್ಟಿ ಕೆಳಗೇ ಕುಂತಿದ್ದಳಪ. ಎದ್ದು ಹೋದಳು. ಈಗ ಮಂಗಳವಾರಕ್ಕೊಮ್ಮಿ ಗಡಿಗೆ ಹೊಂಟಾಳ. ಮೊರದಾಗ ಹಸಿರು ಬಳಿ ಇಟ್ಕೊಂಡು. ನನ್ನ ಮಗಳು ಬುದ್ಧಿಗೇಡಿ, ಆಸಿಬಿದ್ದು ಮುಟ್ಟ್ಯಾಳ, ಹೊಟ್ಟ್ಯಾಗ ಹಾಕ್ಕೋ ತಾಯಿ ಅಂತ ಬೇವಿನ ಗಿಡದ ಬುಡಕ್ಕ ಹಣಿ ಹಚ್ತಾಳ. ಬರಿಗಾಲಾಗ ಹೋಗ್ತಾಳಪ, ಈ ಬಿಸಿಲಾಗ."

ಅವನು ನಿಲ್ಲಿಸಲಿಲ್ಲ.

"ಇನ್ನ ನಿಮ್ಮ ಬಾವನ ಮನ್ಯಾಗ ಕೇಳ್ತೀಯೇನು? ಎರಡನೇ ಹೆಂಡತಿಗೆ ಹೆಣ್ಣು ಹುಟ್ಟಿತ್ತಲ್ಲ, ನಿಮ್ಮಕ್ಕನ ಹೆಸರೇ ಇಟ್ಟಿದ್ರು, ನೀಲಮ್ಮ ಅಂತ. ಅಮ್ಮನ ಬಳಿಗೆ ಕೈ ಹಾಕಿದಾಕಿ ಹೆಸರು ನಮ್ಮ ಮನ್ಯಾಗ ಬ್ಯಾಡ ಅಂತ ನಿಮ್ಮ ಬಾವನ ಅವ್ವ, ಆ ಮುದುಕಿ, ಹಟಕ್ಕ ಬಿದ್ದು ಹೆಸರು ತೆಗಿಸ್ಯಾಳ. ಐದು ವರ್ಷದ್ದು ಆ ಕೂಸು. ಹೊಸ ಹೆಸರಿಲೆ ಕರದ್ರ ತಿರುಗಿ ಸುದ್ದಾ ನೋಡೂದಿಲ್ಲ. ನೀಲೀ ಅಂದ್ರ ಓಡಿ ಬರ್ತೈತಿ, ಮುದುಕಿ ಕೈಲೆ ಒದಿ ತಿಂತೈತಿ."

ಬಾವನ ಮಗಳಿಗೆ ನಿನ್ನ ಹೆಸರಿಟ್ಟಿದ್ದರು ಅನ್ನುವುದು ನಿನಗೆ ಹೇಗೆ ಗೊತ್ತಾಗಬೇಕು? ನನಗೂ ಗೊತ್ತಿರಲಿಲ್ಲ. ನಾನು ಊರ ಕಡೆ ತಲೆ ಹಾಕಿದವನೇ ಅಲ್ಲ. ಒಂಬತ್ತು ವರ್ಷ ನಿನ್ನನ್ನು ಮನೆಯ ಹೊರಗೆ ಇಟ್ಟೆ. ಆ ಕೂಸಿನ ಹೆಸರಿನಲ್ಲಿ ನೀನು ಹೇಗೋ ಒಂದು ಮನೆಯ ಒಳಗೆ ಸೇರಿಕೊಂಡಿದ್ದೆ. ನಾನು ಎರಡು ಪುಟ ಕಟ್ಟಿ ಅಲ್ಲಿಂದಲೂ ಎಬ್ಬಿಸಿದೆ. ಸಾಸಿವೆಗಿಂತ ಸೀಸದ ಮೊಳೆ ಚೆನ್ನಾಗಿ ಕೆಲಸ ಮಾಡಿತು.

ಅವತ್ತೇ ಯಜಮಾನರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. "ಆ ತಾಯಿಗೆ ಹೋಗಿ ಹೇಳು, ತಡೆಯೋದಿಲ್ಲ. ಆದರೆ ಅಚ್ಚಾಗಿ ಹೋದದ್ದನ್ನ ಯಾರು ತಿರುಗಿ ತರ್ತಾರೆ? ಮತ್ತೆ ಅಚ್ಚು ಹಾಕಬೇಕು, ಹಾಗೇ ಹಾಕೋದು. ಜನ ಆ ಕತೇನೇ ಕೇಳ್ತಾರೆ." ನಾನು ಆ ಎರಡು ಪುಟ ಬದಲಿಸದೆ ಅಚ್ಚು ಹಾಕಿದರೆ ಇಲ್ಲಿ ಕೆಲಸ ಮಾಡುವುದಿಲ್ಲ ಅಂದೆ. "ಸಾಲಿ ಬಿಟ್ಟ ಹಾಗೆ ಇದನ್ನೂ ಬಿಡ್ತೀಯಾ?" ಅಂದರು. ಚುಚ್ಚಿತು. ಹೌದು, ಬಿಡುತ್ತೇನೆ ಅಂದೆ. "ಹಾಗಾದರೆ ಮತ್ತೆ ಬರಬೇಡಪ್ಪಾ" ಅಂದರು, ಸಿಟ್ಟಿಲ್ಲದೆ.

ನಿನ್ನೆ ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಅಚ್ಚುಕೂಟದ ಒಳಗೆ ಹೋಗಿ ಆ ಮಡಿಚಿದ ಎರಡು ಪುಟ ಜೇಬಿನಿಂದ ತೆಗೆದೆ. ಬೆವರಿಗೆ ಮಾಸಿದ್ದವು, ಆದರೂ ಓದಲು ಬರುತ್ತಿತ್ತು. ಮೊಳೆ ಜೋಡಿಸಿದೆ. ಕತೆಯಲ್ಲಿ ತಮ್ಮನಿಗೆ ಹೆಸರಿರಲಿಲ್ಲ. ಈ ಸಲ ಪಂಪಾಪತಿ ಅಂತ ಕಟ್ಟಿದೆ. ಅಕ್ಕನ ಹೆಸರನ್ನೂ ಸರಿಯಾಗಿಯೇ ಕಟ್ಟಿದೆ. ಖಾಜಾಸಾಬರು ಏನೂ ಕೇಳದೆ ಮಸಿ ಸವರಿ ಎರಡು ಹಾಳೆ ಒತ್ತಿಕೊಟ್ಟರು. ಓದಿದರು. ಆಮೇಲೆ ನನ್ನ ಭುಜದ ಮೇಲೆ ಮಸಿಗೈ ಇಟ್ಟು ಅಂದರು, "ಬೇಟಾ, ನನ್ನ ಹೆಂಡತೀನೂ ಈ ಬ್ಯಾನಿಯಾಗೇ ಹೋದಳು. ದಂಡಿನ ಡಾಕ್ಟರ ಹೇಳಿದ, ಇದು ನೀರಿನಾಗ ಬರ್ತೈತಿ. ಬಳಿಯಾಗ ಅಲ್ಲ, ಮೊರದಾಗ ಅಲ್ಲ. ನೀ ಏನೂ ಮಾಡಿಲ್ಲ." ಒಂದು ಉಸಿರಿನಷ್ಟು ಹೊತ್ತು ಅದನ್ನು ನಂಬಿದೆ. ಆಮೇಲೆ ನೆನಪಾಯಿತು. ಆ ವಾರ ಅವ್ವನಿಗೆ ಕುಬಸದ ಕೆಲಸ. ಸೇದುವ ಬಾವಿಯ ಹಗ್ಗ ನನ್ನ ಕೈಗೆ ಎಟುಕುತ್ತಿರಲಿಲ್ಲ. ಕಾಲುವೆಯಿಂದ ಕೊಡ ತುಂಬಿ ತುಂಬಿ ತಂದು ಕುಡಿಯುವ ನೀರಿನ ಹರವಿಗೆ ಸುರಿದವನು...

ಬಳೆಯಿಂದ ಹೋದೆಯೋ ನೀರಿನಿಂದ ಹೋದೆಯೋ ನನಗೆ ಗೊತ್ತಿಲ್ಲ. ಖಾಜಾಸಾಬರ ಮಾತು ನಿಜವಿರಬಹುದು. ಎರಡರಲ್ಲೂ ತಂದುಕೊಟ್ಟ ಕೈ ಒಂದೇ. ಆದರೆ ಅವ್ವನಿಗೆ ನೀರಿನ ಮಾತು ಮೊದಲು ಹೇಳುವುದಿಲ್ಲ. ಹೇಳಿದರೆ ಬಳೆಯ ಮಾತು ಅದರಲ್ಲಿ ಕರಗಿಹೋಗುತ್ತದೆ, ನಾನೇ ಕರಗಿಸಿಬಿಡುತ್ತೇನೆ. ಮೊದಲು ಬಳೆ. ಮುಟ್ಟಿದವನು ನಾನು, ನಿನ್ನ ಮಗಳಲ್ಲ ಅಂತ. ಮಂಗಳವಾರ ಗಡಿಗೆ ಹೋಗಿ ಹಣೆ ಹಚ್ಚಬೇಕಾದವನು ನಾನು ಅಂತ. ಸಾಸಿವೆಯ ಗಡಿಗೆ ಖಾಲಿಯಾದದ್ದು ಹೇಗೆ ಅಂತಲೂ ಹೇಳುತ್ತೇನೆ. ಅವ್ವ ಆಮೇಲೆ ಒಗ್ಗರಣೆಗೆ ಹುಡುಕಿ, ಖಾಲಿ ಗಡಿಗೆ ನೋಡಿ, ಅದನ್ನು ಬೋರಲು ಹಾಕಿದ್ದಳು. ನನ್ನನ್ನು ಏನೂ ಕೇಳಿರಲಿಲ್ಲ.

ಅಂಜಿಕೆ ಆಗುತ್ತಿದೆ ಅಕ್ಕ. ನಾನು ಬರೆದ ಕತೆ ಕೇಳಿ ಸಾಬರು ಬಾಗಿಲ ಕಡೆ ತಿರುಗಿ ನೋಡಿದರಲ್ಲ, ಆ ಅಂಜಿಕೆ ಇದರ ಮುಂದೆ ಏನೂ ಅಲ್ಲ. ಅವ್ವ ಬೈದರೆ ಸರಿ. ಹೊಡೆದರೆ ಇನ್ನೂ ಸರಿ. ಏನೂ ಅನ್ನದೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರೆ? ಹೊಸ್ತಿಲ ಒಳಗೆ ಬರಬೇಡ ಅಂದರೆ? ಅಂದರೆ ಹೊರಗೆ ನಿಲ್ಲುತ್ತೇನೆ. ನಿನ್ನನ್ನು ನಿಲ್ಲಿಸಿದ್ದ ಜಾಗ ಅದು, ನನಗೂ ಗೊತ್ತಿರಲಿ. ಆಮೇಲೆ ಗುಡಿ ಕಟ್ಟೆಗೆ ಹೋಗಿ, ಮಾಸ್ತರ ಓದಿದ ಜಾಗದಲ್ಲೇ ಕೂತು, ಈ ಎರಡು ಹಾಳೆ ಜೋರಾಗಿ ಓದುತ್ತೇನೆ. ಯಾರಾದರೂ ನಿಂತು ಕೇಳಲಿ, ಕೇಳದಿರಲಿ. ಅವ್ವ ನನ್ನನ್ನು ಕ್ಷಮಿಸುತ್ತಾಳೋ ಇಲ್ಲವೋ, ಅವಳು ನಿನ್ನ ಪರವಾಗಿ ಗಡಿಗೆ ನಡೆಯುವುದನ್ನು ನಿಲ್ಲಿಸಬೇಕು. ನನಗೆ ಬೇಕಾದದ್ದು ಅಷ್ಟೆ.

ಹೆಂಗೈತಿ ಅಂತಲ್ಲ, ಎಲ್ಲಿ ಐತಿ ಅಂತ ಹೇಳಬೇಕು, ಅಲ್ಲವೆ? ಹೇಳುತ್ತೇನೆ. ಇವತ್ತು ನಾನು ಬಳ್ಳಾರಿಯಲ್ಲಿದ್ದೇನೆ. ನಾಳಿದ್ದಿಗೆ ಕುರುಗೋಡಿನಲ್ಲಿರುತ್ತೇನೆ. ಬಾವನ ಮನೆಯ ಅಂಗಳದಲ್ಲಿ ನಿಂತು, ಆ ಮುದುಕಿಯ ಎದುರಿಗೇ, ಆ ಕೂಸನ್ನು ನೀಲೀ ಅಂತ ಕರೆಯುತ್ತೇನೆ. ಅಲ್ಲಿಂದ ತೆಕ್ಕಲಕೋಟೆ. ಆಮೇಲೆ ಗಡಿಕಲ್ಲು, ಬೇವಿನ ಮರ. ಆಮೇಲೆ ಕಾಲುವೆಯ ದಂಡೆ. ಬೀದಿಯ ತುದಿ. ಕಟ್ಟೆ. ಹೊಸ್ತಿಲ ಹೊರಗೆ.

ದುರುಗಪ್ಪ ಹತ್ತಿ ಇಳಿಸಿದ್ದಾನೆ, ಗಾಡಿ ಖಾಲಿ ಇದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿನ್ನ ತಮ್ಮ,
ಪಂಪಾಪತಿ